ನೂರಿಪ್ಪತ್ತರಲ್ಲಿ ಒಂದು ಕಡಿಮೆ

ನಮ್ಮ ಸೂಪರ್‌ವೈಸರ್ ಕೆಲಸ ಬಿಟ್ಟು, ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಎಕ್ಸಿಟ್ ಹೋಗಿ ಇವತ್ತಿಗೆ ಹದಿನೆಂಟು ದಿನ. ಈ ಹದಿನೆಂಟು ದಿನಗಳಲ್ಲಿ ಒಂದು ಆಡಿನ ಮರಿಯ ಬಗ್ಗೆ ನನ್ನೊಡನೆ ಯಾರೂ ಮಾತಾಡಿಲ್ಲ. ಬಹ್ರೈನಿನ ಮುಹರ್ರಕ್‌ನ ಈ ಫ್ಲ್ಯಾಟಿನಲ್ಲಿ ಅವರ ಜೊತೆ ಮೂರು ವರ್ಷ ಎರಡು ತಿಂಗಳು ಇದ್ದೆ. ಅವರ ರಜೆಗಳನ್ನು ಬಿಟ್ಟರೆ, ಆಡಿನ ಮರಿಯ ಮಾತಿಲ್ಲದೆ ಕಳೆದ ದಿನಗಳು ಒಟ್ಟು ನಾಲ್ಕು. ಅದರಲ್ಲಿ ಎರಡು ದಿನ ಅವರ ಗಂಟಲು ಕಟ್ಟಿತ್ತು.

ನಾನು ಡೈರಿ ಬರೆಯುವವನು. ಏನಾಯಿತು ಎನ್ನುವುದಕ್ಕಿಂತ ಎಷ್ಟಾಯಿತು ಎಂದು ಬರೆಯುವುದು ನನ್ನ ಅಭ್ಯಾಸ. ಆದ್ದರಿಂದ ಇದರಲ್ಲಿ ಬರುವ ಸಂಖ್ಯೆಗಳನ್ನು ನಂಬಬಹುದು. ನನ್ನ ತಾಳ್ಮೆಯ ವಿಷಯದಲ್ಲಿ ಅಷ್ಟು ಖಾತ್ರಿ ಕೊಡಲಾರೆ.

ಹಿದ್ದ್‌ನ ಬಂದರಿನ ಪಕ್ಕದ ಒಂದು ಗೋದಾಮಿನಲ್ಲಿ ನಾನು ಟ್ಯಾಲಿ ಕ್ಲರ್ಕ್. ಕಂಟೇನರಿನ ಬಾಗಿಲು ತೆಗೆದಾಗ ಪಕ್ಕದಲ್ಲಿ ನಿಂತು, ಇಳಿಯುವ ಪೆಟ್ಟಿಗೆಗಳನ್ನು ಐದೈದರ ಗೀಟು ಹಾಕಿ ಎಣಿಸಿ, ಕಾಗದದಲ್ಲಿರುವ ಸಂಖ್ಯೆಗೆ ಹೋಲಿಸಿ ಸಹಿ ಮಾಡುವುದು ಕೆಲಸ. ಅವರು ಅಲ್ಲಿ ಯಾರ್ಡ್ ಸೂಪರ್‌ವೈಸರ್. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಶುಕ್ರವಾರ ಬೆಳಿಗ್ಗೆ ತಪ್ಪದೆ ಇಗರ್ಜಿಯ ಪೂಜೆಗೆ ಹೋಗುವವರು. ವಯಸ್ಸು ಆಗ ನಲವತ್ತಾರು. ದಪ್ಪ ಮೀಸೆ, ಎಡ ಮಂಡಿಯಲ್ಲಿ ನೋವು, ತಲೆಯ ಮೇಲೆ ಕಂಪನಿಯ ಹಳದಿ ಹೆಲ್ಮೆಟ್ಟು. ಹೆಲ್ಮೆಟ್ಟಿನ ಒಳಗೆ ಆಡಿನ ಮರಿಯ ಸ್ಟಿಕ್ಕರು.

ನಾನು ಸೇರಿದ ಮೊದಲ ವಾರ, 2012ರ ನವೆಂಬರಿನಲ್ಲಿ, ಒಂದು ಕಂಟೇನರಿನ ಕಾಗದದಲ್ಲಿ 640 ಪೆಟ್ಟಿಗೆ ಎಂದಿತ್ತು. ನನ್ನ ಎಣಿಕೆಗೆ 639 ಸಿಕ್ಕಿತು. ಲಾರಿ ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಒಂದೇ ತಾನೇ ಎಂದು ಪೆನ್ನು ತೆಗೆದೆ. ಹಿಂದಿನಿಂದ ಒಂದು ಕೈ ಬಂದು ಪೆನ್ನನ್ನು ಕಿತ್ತುಕೊಂಡಿತು.

"ಒಂದು ಕಡಿಮೆ ಉಂಟಾದರೆ ಸಹಿ ಹಾಕ್ಲಿಕ್ಕಿಲ್ಲ. ಮ್ಯಾನೇಜರ್ ಹೇಳಿದರೂ ಹಾಕ್ಲಿಕ್ಕಿಲ್ಲ. ಪುನಃ ಎಣಿಸು."

"ಅಣ್ಣ, ಎರಡು ಗಂಟೆ ಬೇಕಾಗುತ್ತೆ."

"ಎಣಿಸು ಶಾನುಭಾಗರೇ."

ನಾನು ದಾವಣಗೆರೆಯವನು. ನಮ್ಮ ಮನೆತನದಲ್ಲಿ ಶಾನುಭಾಗಿಕೆ ಮಾಡಿದವರು ಒಬ್ಬರೂ ಇಲ್ಲ. ಆದರೆ ಅವತ್ತಿನಿಂದ ನನಗೆ ಅದೇ ಹೆಸರು. ಪೆಟ್ಟಿಗೆ ಒಂದೂಮುಕ್ಕಾಲು ಗಂಟೆಯ ನಂತರ ಫೋರ್ಕ್‌ಲಿಫ್ಟಿನ ಹಿಂದೆ ಸಿಕ್ಕಿತು. ಅದೇ ದಿನ ಸಂಜೆ ತಮ್ಮ ಫ್ಲ್ಯಾಟಿನಲ್ಲಿ ಒಂದು ಕೋಣೆ ಖಾಲಿ ಇದೆ, ಬರುತ್ತೀಯಾ ಎಂದು ಕೇಳಿದರು. ಇಷ್ಟು ಶಿಸ್ತಿನ ಮನುಷ್ಯರ ಜೊತೆ ಇರುವುದು ಒಳ್ಳೆಯದು ಎಂದುಕೊಂಡು ಒಪ್ಪಿದೆ. ಡೈರಿಯಲ್ಲಿ ಹಾಗೆಯೇ ಬರೆದಿದ್ದೇನೆ. ಈಗ ಆ ಪುಟ ತೆಗೆದರೆ ನಗು ಬರುತ್ತದೆ.

ಫ್ಲ್ಯಾಟಿನ ಹಾಲ್‌ನಲ್ಲಿ ಹೊಟ್ಟೆ ಉಬ್ಬಿದ ಹಳೆಯ ಟಿವಿ, ಅದರ ಕೆಳಗೆ ಹತ್ತು ವರ್ಷ ಹಿಂದಿನ ಒಂದು ಗೇಮ್ ಮಷೀನು. ನಾನು ಪೆಟ್ಟಿಗೆ ಇಳಿಸುವ ಮೊದಲೇ ಕೇಳಿದರು: "ಆಟ ಆಡ್ತೀಯಾ?"

"ಇಲ್ಲ ಅಣ್ಣ, ಅಭ್ಯಾಸ ಇಲ್ಲ."

"ಒಳ್ಳೆಯದಾಯ್ತು. ಕೆಟ್ಟ ಅಭ್ಯಾಸ ಆಗಿಲ್ಲ. ಕೂತುಕೋ."

ಆಟ ಇಷ್ಟೇ. ಒಂದು ಆಡಿನ ಮರಿ, ಕೊರಳಿಗೆ ಒಂದು ಶಾಲು. ಹಳ್ಳಿಯ ಗೋಪುರದ 120 ಗಂಟೆಗಳನ್ನು ಗಾಳಿ ಹೊತ್ತುಕೊಂಡು ಹೋಗಿ ಆರು ಲೋಕಗಳಲ್ಲಿ ಚೆಲ್ಲಿದೆ. ಮರಿ ಬಂಡೆಯಿಂದ ಬಂಡೆಗೆ, ಹಲಗೆಯಿಂದ ಹಲಗೆಗೆ ಹಾರಿ ಅವನ್ನು ಹುಡುಕಿ ತರಬೇಕು. ತಪ್ಪಿದರೆ ಬೀಳುತ್ತದೆ, ಮತ್ತೆ ಮೊದಲಿನಿಂದ. ಈ ಆಟಕ್ಕೆ ಮೂರು ಭಾಗಗಳಿದ್ದವು. ಅವರ ಮನೆಯಲ್ಲಿದ್ದದ್ದು ಎರಡನೆಯದು. ಅದರ ಪೂರ್ತಿ ಹೆಸರನ್ನು ಅವರು ಯಾವತ್ತೂ ಹೇಳುತ್ತಿರಲಿಲ್ಲ. "ಎರಡು" ಅಷ್ಟೇ.

"ಒಂದರಲ್ಲಿ ಎಂತ ಗೊತ್ತುಂಟಾ, ಹಾರಿದರೆ ಹಾರಿದ ಹಾಗೆ. ತಪ್ಪು ಹಾರಿದೆ ಅಂತ ಗಾಳಿಯಲ್ಲೇ ಗೊತ್ತಾದರೂ ಬೀಳುವುದೇ ಗತಿ. ಎರಡರಲ್ಲಿ ನೋಡು, ಗಾಳಿಯಲ್ಲಿ ಒಂದು ಸಲ ಹಿಂದೆ ತಿರುಗಬಹುದು. ಒಂದೇ ಸಲ. ಆ ಒಂದೇ ಸಲ ಅನ್ನುವುದರಲ್ಲಿ ಇಡೀ ಆಟ ಉಂಟು. ಮೂರನೆಯದರಲ್ಲಿ ಎಷ್ಟು ಸಲ ಬೇಕಾದರೂ ತಿರುಗು ಅಂತ ಬಿಟ್ಟರು. ಅದನ್ನು ಹಾಳು ಮಾಡಿದರು."

"ಮೂರನೆಯದರಲ್ಲಿ ಅದನ್ನು ಹಾಳು ಮಾಡಿದರು" ಎನ್ನುವ ಈ ವಾಕ್ಯಕ್ಕೆ ಡೈರಿಯ ಹಿಂಬದಿಯಲ್ಲಿ ಒಂದು ಪುಟ ಕೊಟ್ಟೆ. 2013ನೇ ಇಸವಿಯೊಂದರಲ್ಲೇ 231 ಗೀಟು. ಹಿಮದ ಲೋಕದ ಸಂಗೀತವನ್ನು ಹಾಳು ಮಾಡಿದರು, ನೀರಿನ ಬಣ್ಣವನ್ನು ಹಾಳು ಮಾಡಿದರು, ಗೋಪುರದ ಬಾಗಿಲ ಮುದುಕನನ್ನು ತೆಗೆದೇ ಹಾಕಿದರು. ಆ ಮುದುಕನ ಬಗ್ಗೆ ಮುಂದೆ ಹೇಳುತ್ತೇನೆ. ಅವನಿಂದ ನನಗೆ ಆದದ್ದು ಸಾಮಾನ್ಯದ್ದಲ್ಲ.

ಮನೆಗೆ ಬಂದವರು ಯಾರೇ ಇರಲಿ, ಆಡದೆ ಹೋಗುವ ಹಾಗಿರಲಿಲ್ಲ. ಏಸಿ ರಿಪೇರಿಗೆ ಬಂದವನು ಮೊದಲ ಲೋಕ ಮುಗಿಸಿ ಹೋದ, ಏಸಿ ರಿಪೇರಿ ಮಾರನೇ ದಿನಕ್ಕೆ ಹೋಯಿತು. ಕಂಪನಿಯ ವೀಸಾ ಕಾಗದ ನೋಡಿಕೊಳ್ಳುವ ಬಹ್ರೈನಿ ಮಂದೂಬ್ ನನ್ನ ಗುರುತಿನ ಕಾರ್ಡ್ ಕೊಡಲೆಂದು ಐದು ನಿಮಿಷಕ್ಕೆ ಬಂದವರು, ಎರಡು ಗಂಟೆ ಹತ್ತು ನಿಮಿಷ ಕೂತು, ಮೂವತ್ತಮೂರು ಸಲ ಬಿದ್ದು, "ಖಲಾಸ್, ಹಬೀಬಿ, ಖಲಾಸ್" ಎಂದು ಎದ್ದರು. ಕಾರ್ಡನ್ನು ಕೊಡಲು ಮರೆತು ಹೋದರು.

ಒಮ್ಮೆ ಸೆಕೆಂಡ್‌ಹ್ಯಾಂಡ್ ಟಿವಿ ತರಲು ಹಮದ್ ಟೌನ್‌ಗೆ ಹೋಗಿದ್ದೆವು. ಅಲ್ಲಿ ರೌಂಡ್‌ಅಬೌಟಿನ ನಂಬರು ಹಿಡಿದು ಮನೆ ಹುಡುಕಬೇಕು. ಅವರು ನಾಲ್ಕನೇ ಲೋಕದ ತಿರುಗುವ ಚಕ್ರಗಳನ್ನು ವಿವರಿಸುತ್ತಾ ಒಂದೇ ರೌಂಡ್‌ಅಬೌಟನ್ನು ಐದು ಸುತ್ತು ಹಾಕಿದರು. ಬೇಸತ್ತು, "ಅಣ್ಣ, ಆ ಕುರಿಯನ್ನು ಸ್ವಲ್ಪ ಬಿಡಿ, ದಾರಿ ನೋಡಿ" ಎಂದೆ.

ಅವರು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದರು. ಇಂಡಿಕೇಟರ್ ಹಾಕಿದರು. ನನ್ನ ಕಡೆ ಪೂರ್ತಿ ತಿರುಗಿದರು.

"ಕುರಿ ಅಲ್ಲ. ಆಡು. ಕುರಿ ಹಾರ್ತದಾ ಮಾರಾಯ?"

ಆ ಆಟದ ಬಗ್ಗೆ ಸಣ್ಣದೊಂದು ತಪ್ಪು ಮಾತನ್ನೂ ಅವರು ಸಹಿಸುತ್ತಿರಲಿಲ್ಲ. ಆರನೇ ಲೋಕದಲ್ಲಿ ಹತ್ತೊಂಬತ್ತು ಗಂಟೆ ಎಂದರೆ ಇಪ್ಪತ್ತು ಎಂದು ತಿದ್ದುವರು, ಫೋನಿನಲ್ಲಿ ಮ್ಯಾನೇಜರ್ ಇದ್ದರೂ ಸರಿ. ನನಗೆ ಹೆಚ್ಚು ಸಿಟ್ಟು ಬರಿಸುತ್ತಿದ್ದದ್ದು ಅವರು ಓದುವ ರೀತಿ. ಆಟದಲ್ಲಿ ದಾರಿಯುದ್ದಕ್ಕೂ ಯಾರಾದರೂ ಸಿಕ್ಕಿ ಮಾತಾಡುತ್ತಾರೆ, ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರಗಳು ಮೂಡುತ್ತವೆ. ಬಟನ್ ಒತ್ತಿದರೆ ದಾಟಿಕೊಂಡು ಹೋಗಬಹುದು. ಅವರು ನೂರನೇ ಸಲವೂ ನಿಂತು, ಜೋರಾಗಿ, ಪ್ರತಿ ಸಾಲನ್ನೂ ಓದುವರು. ನಾನು ಆಡುವಾಗ ಓದದೆ ಒತ್ತಿಬಿಡುತ್ತಿದ್ದೆ.

"ಓದು ಮಾರಾಯ. ಬರೆದವನು ಸುಮ್ಮನೆ ಬರೆದದ್ದಾ?"

"ಅದೇ ಮಾತು ತಾನೇ ಅಣ್ಣ ಪ್ರತಿ ಸಲ."

"ಪೂಜೆಯಲ್ಲಿ ಪಾದ್ರಿಯೂ ಅದೇ ಹೇಳುವುದು. ನಾನು ಕಿವಿ ಮುಚ್ಚಿಕೊಳ್ಳುತ್ತೇನಾ?"

ಇದೆಲ್ಲ ಸಹಿಸಬಹುದಿತ್ತು. ನನಗೆ ನಿಜವಾಗಿ ಸಹಿಸಲಾಗದ್ದು ಬೇರೆಯೇ ಇತ್ತು.

ಆಟ ಶುರುವಾಗುವಾಗ ಪರದೆಯ ಮೇಲೆ ಮೂರು ಪುಟ್ಟ ಮನೆಗಳು ಕಾಣುತ್ತವೆ. ಆಡಿದ ಆಟವನ್ನು ಉಳಿಸಿಡುವ ಜಾಗ ಅವು. ಪ್ರತಿ ಮನೆಯ ಕೆಳಗೆ ಸಿಕ್ಕ ಗಂಟೆಗಳ ಸಂಖ್ಯೆ ಮತ್ತು ಆಡಿದ ಸಮಯ ಇರುತ್ತದೆ. ಅವರು ಆಡುತ್ತಿದ್ದದ್ದು ಎರಡನೇ ಮನೆಯಲ್ಲಿ. 120 ಆದ ಮೇಲೆ ಅಳಿಸಿ ಮತ್ತೆ ಸೊನ್ನೆಯಿಂದ. ನಾನು ಬಂದ ಮೇಲೆ ಏಳು ಸಲ ಹಾಗೆ ಮುಗಿಸಿದ್ದರು. ಆದರೆ ಮೊದಲನೇ ಮನೆಯಲ್ಲಿ, ನಾನು ಬಂದ ದಿನದಿಂದಲೂ, ಒಂದೇ ಸಂಖ್ಯೆ: 119. ಆಡಿದ ಸಮಯ 64 ಗಂಟೆ 10 ನಿಮಿಷ.

ದಿನಾ ಸಂಜೆ ಆ 119 ನನ್ನ ಮುಖಕ್ಕೆ ಹೊಡೆಯುತ್ತಿತ್ತು.

"ಅಣ್ಣ, ಅದೊಂದು ಯಾಕೆ ಬಿಟ್ಟಿದ್ದೀರಿ? ನಿಮಗೆ ಹತ್ತು ನಿಮಿಷದ ಕೆಲಸ."

"ಇರಲಿ."

"ಗೋದಾಮಿನಲ್ಲಿ ಒಂದು ಕಡಿಮೆ ಇದ್ದರೆ ನನ್ನ ಪೆನ್ನು ಕಿತ್ಕೊಳ್ತೀರಿ."

"ಅದು ಗೋದಾಮು. ಇದು ಮನೆ. ಚಾ ಮಾಡು ಹೋಗು."

ಈ ಪ್ರಶ್ನೆಯನ್ನು ಒಂದೂವರೆ ವರ್ಷದಲ್ಲಿ ಇಪ್ಪತ್ತಾರು ಸಲ ಕೇಳಿದೆ. ಜಗತ್ತಿನ ಎಲ್ಲ ವಿಷಯವನ್ನೂ ಆಡಿನ ಮರಿಗೆ ತಂದು ಕಟ್ಟುವ ಮನುಷ್ಯ ಇದೊಂದರ ಬಗ್ಗೆ ಇಪ್ಪತ್ತಾರು ಸಲವೂ "ಇರಲಿ" ಎಂದರು.

2014ರ ಏಪ್ರಿಲ್ 4, ಶುಕ್ರವಾರ, ಅವರು ನಾಲ್ಕು ವಾರದ ರಜೆಗೆ ಊರಿಗೆ ಹೋದರು. ನನಗೆ ಒಪ್ಪಿಸಿದ ಕೆಲಸ ಒಂದೇ: ಬ್ಯಾಟರಿ ಸಾಯದ ಹಾಗೆ ಮೂರು ದಿನಕ್ಕೊಮ್ಮೆ ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುವುದು. ಕಾರು ಸ್ಟಾರ್ಟ್ ಮಾಡಿದೆ, ದಿನಾಂಕ ಬರೆದೆ. ಮೇಲೆ ಬಂದು ಮಷೀನನ್ನೂ ಹಾಕಿದೆ. ಮೊದಲನೇ ಮನೆಯ ಬಾಗಿಲು ತೆಗೆದೆ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಅವರಿಗೆ ಯಾವುದೋ ಸೋಮಾರಿತನ, ಅಥವಾ ಆ ಒಂದರಲ್ಲಿ ಯಾವತ್ತೋ ಸೋತ ಬೇಜಾರು. ನಾನು ತೆಗೆದಿಟ್ಟರೆ ಬಂದು ನೋಡಿ ಖುಷಿಪಡುತ್ತಾರೆ. ಖುಷಿಪಡದಿದ್ದರೂ ನಾನು ಆ 119ನ್ನು ಇನ್ನು ನೋಡಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಎರಡನೆಯ ಕಾರಣವೇ ದೊಡ್ಡದು.

ಮರಿ ಆರನೇ ಲೋಕದ ಕೊನೆಯ ಗೋಪುರದ ಬುಡದಲ್ಲಿ ನಿಂತಿತ್ತು, ಕೊರಳಿಗೆ ಹಳದಿ ಶಾಲು. ಬಾಗಿಲಲ್ಲಿ ಆ ಮುದುಕ. ಅವನು ಬಾಯಿ ತೆರೆದ ಕೂಡಲೇ ಬಟನ್ ಒತ್ತಿ ದಾಟಿದೆ. ಅಲ್ಲಿಂದ ಹದಿನಾಲ್ಕು ನೆಗೆತ. ಹನ್ನೊಂದನೆಯದರಲ್ಲಿ ಗಾಳಿಯಲ್ಲೇ ಹಿಂದೆ ತಿರುಗಬೇಕು. ನನಗೆ ಹದಿನೈದು ದಿನ ಹಿಡಿಯಿತು. ಬಿದ್ದದ್ದು 308 ಸಲ, ಪ್ರತಿ ಸಲವೂ ಮುದುಕ ಬಾಯಿ ತೆರೆದ, ಪ್ರತಿ ಸಲವೂ ಬಟನ್ ಒತ್ತಿದೆ. ಏಪ್ರಿಲ್ 19, ಶನಿವಾರ, ಮಧ್ಯಾಹ್ನ ಮೂರೂವರೆಗೆ ಆ ಕೊನೆಯ ಗಂಟೆ ಸಿಕ್ಕಿತು. 120. ಆಟ ತಾನಾಗಿಯೇ ಅದನ್ನು ಉಳಿಸಿಕೊಂಡಿತು. ಡೈರಿಯಲ್ಲಿ ಕೆಂಪು ಪೆನ್ನಿನಿಂದ ಬರೆದು ಎರಡು ಗೆರೆ ಎಳೆದೆ.

ಸೋಮವಾರ ಸಂಜೆ ಅವರ ಫೋನು.

"ಶಾನುಭಾಗರೇ, ಕಾರು ಸ್ಟಾರ್ಟ್ ಮಾಡ್ತಾ ಇದ್ದೀಯಲ್ಲ?"

"ಹೌದು ಅಣ್ಣ."

"ಒಂದು ವಿಷಯ. ವಿಸಿಟ್ ವೀಸಾ ಆಯ್ತು. ಮೇ ಎರಡಕ್ಕೆ ಹೆಂಡತಿ, ಮಗಳು ನನ್ನೊಟ್ಟಿಗೇ ಬರ್ತಾರೆ. ಒಂದು ತಿಂಗಳು. ನಿನಗೆ ಸ್ವಲ್ಪ ಬೇರೆ ಕಡೆ ಇರ್ಲಿಕ್ಕೆ ಆಗ್ತದಾ?"

"ಆಗುತ್ತೆ ಅಣ್ಣ, ಹಿದ್ದ್‌ನಲ್ಲಿ ರೂಮು ನೋಡ್ತೀನಿ."

"ಅವಳಿಗೆ ಈಗ ಹದಿನೈದು. ಒಂಬತ್ತು ವರ್ಷದವರೆಗೆ ಇಲ್ಲೇ ಇದ್ದವಳು. ಆ ಮೊದಲನೇ ಮನೆ ಉಂಟಲ್ಲ, ಅದು ಅವಳದ್ದು. ಪೂರ್ತಿ ಅವಳೇ ಆಡಿದ್ದು, ನಾನು ಬರೇ ನಕ್ಷೆ ಬರೆದದ್ದು. ಊರಿಗೆ ಹೊರಡುವ ದಿನ ಒಂದೇ ಗಂಟೆ ಹುಡುಕ್ಲಿಕ್ಕೆ ಬಾಕಿ ಇತ್ತು, ಅಷ್ಟರಲ್ಲಿ ಟ್ಯಾಕ್ಸಿ ಬಂತು. ಪಪ್ಪಾ ಮುಟ್ಟಬೇಡಿ, ನಾನು ಬಂದು ತೆಗೀತೇನೆ ಅಂದಳು. ಮಷೀನು ಊರಿಗೇ ತರುವಾ ಅಂತ ಒಮ್ಮೆ ಕೇಳಿದೆ. ಬೇಡ, ನಾನೇ ಅಲ್ಲಿಗೆ ಬರ್ತೇನೆ ಅಂದಳು. ಆಮೇಲೆ ಶಾಲೆ, ಪರೀಕ್ಷೆ, ವೀಸಾ ಅಂತ ಆರು ವರ್ಷ ಆಯ್ತು ನೋಡು. ಈಗ ಫೋನಿನಲ್ಲಿ ನನ್ನೊಟ್ಟಿಗೆ ಎರಡು ನಿಮಿಷ ಮಾತಾಡುವುದೂ ಕಷ್ಟ ಅವಳಿಗೆ. ಆದರೆ ನಿನ್ನೆ ಅವಳೇ ಕೇಳಿದಳು, ಆ ಗಂಟೆ ಇನ್ನೂ ಉಂಟಾ ಅಂತ."

ನಾನು ಡೈರಿಯಲ್ಲಿ ಎಳೆದ ಎರಡು ಕೆಂಪು ಗೆರೆಗಳನ್ನು ನೋಡಿದೆ.

"ಉಂಟು ಅಂದೆ," ಎಂದರು.

ಅವತ್ತೇ ಹೇಳಿಬಿಡಬೇಕಿತ್ತು. ಡೈರಿಯಲ್ಲಿ ಆ ಸೋಮವಾರದ ಪುಟದಲ್ಲಿ ಬೇರೆ ಏನೂ ಇಲ್ಲ, ಒಂದು ಸಂಖ್ಯೆ ಮಾತ್ರ ಇದೆ: 11. ಅವರು ಬರಲು ಉಳಿದಿದ್ದ ದಿನಗಳು.

ಸಿಕ್ಕ ಗಂಟೆಯನ್ನು ವಾಪಸ್ಸು ಇಡಲು ಆಟದಲ್ಲಿ ದಾರಿಯಿಲ್ಲ. ಅದು ನನಗೆ ಗೊತ್ತಿತ್ತು. ಹಾಗಾಗಿ ಟ್ಯಾಲಿ ಕ್ಲರ್ಕಿಗೆ ಮಾತ್ರ ಹೊಳೆಯಬಹುದಾದ ಒಂದು ಉಪಾಯ ಹೊಳೆಯಿತು. ಸಂಖ್ಯೆ ಸರಿಯಿದ್ದರೆ ಸರಕು ಸರಿಯಿದ್ದ ಹಾಗೆ. ಮೊದಲನೇ ಮನೆಯನ್ನು ಅಳಿಸಿ, ಸೊನ್ನೆಯಿಂದ ನಾನೇ ಆಡಿ, 119ಕ್ಕೆ ತಂದು ನಿಲ್ಲಿಸುವುದು. ಅಳಿಸಲೇ ಎಂದು ಆಟ ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದು ಒತ್ತಿದೆ. ಹೊಸ ಆಟದ ಆರಂಭದಲ್ಲಿ ಏನೋ ತುಂಬಿಸಲು ಒಂದು ಪಟ್ಟಿ ಬಂತು. ಅದನ್ನು ನೋಡದೆಯೇ ಮುಂದೆ ಒತ್ತಿದೆ.

ಅವರ ನಕ್ಷೆಯ ಪುಸ್ತಕ ಟಿವಿಯ ಹಿಂದೆ ಇತ್ತು. ಆರು ಲೋಕಗಳನ್ನೂ ಪೆನ್ಸಿಲಿನಲ್ಲಿ ಬಿಡಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಸೂಚನೆ ಬರೆದಿದ್ದರು: "ಇಲ್ಲಿ ಅವಸರ ಬೇಡ", "ಎಡಗಡೆ ಹಲಗೆ ಮೋಸ", "ಮೊಸಳೆ ಮಲಗುವವರೆಗೆ ಕಾಯಬೇಕು". ಪ್ರತಿ ಪುಟದ ಅಂಚಿನಲ್ಲಿ ಮಗುವಿನ ಕೈಯ ಗೀಟುಗಳು. ನಾಲ್ಕು ನೇರ ಗೀಟು, ಐದನೆಯದು ಅಡ್ಡ. ಗೋದಾಮಿನ ಗೀಟು. ಅವರು ಮಗಳಿಗೆ ನಮ್ಮ ಎಣಿಕೆ ಕಲಿಸಿದ್ದರು. ಎಲ್ಲ ಪುಟಗಳನ್ನು ಕೂಡಿಸಿ ನೋಡಿದೆ. 119.

ಆ ಹನ್ನೊಂದು ದಿನ ನಾನು ಮಾಡಿದ್ದು ಇಷ್ಟು: ಕೆಲಸ, ಕಾರು ಸ್ಟಾರ್ಟ್, ಕುಬ್ಬೂಸ್ ರೊಟ್ಟಿ, ಆಟ. ಸಮಯ 64 ಗಂಟೆ 10 ನಿಮಿಷಕ್ಕೆ ಸರಿಯಾಗಿ ಬರಬೇಕಲ್ಲ. ನಾನು ಆಡಿದ್ದು 47 ಗಂಟೆ ಮಾತ್ರ, ಉಳಿದದ್ದಕ್ಕೆ ಕೆಲಸಕ್ಕೆ ಹೋಗುವಾಗ ಮರಿಯನ್ನು ಹುಲ್ಲಿನಲ್ಲಿ ನಿಲ್ಲಿಸಿ ಮಷೀನು ಹಾಕಿಟ್ಟು ಹೋಗುತ್ತಿದ್ದೆ. ಅಡಾಪ್ಟರ್ ಕಾದು ಕೈ ಸುಡುತ್ತಿತ್ತು. ಶಾಲಿಗೆ ಹಳದಿ ಬಣ್ಣ ಹಾಕಿದೆ. ಕೊನೆಗೆ ಮರಿಯನ್ನು ಅದೇ ಗೋಪುರದ ಬುಡಕ್ಕೆ ತಂದು ನಿಲ್ಲಿಸಿದೆ.

ಈ ನಡುವೆ ನನಗೆ ಇನ್ನೊಂದು ಅವಮಾನವಾಯಿತು. ಮೂರನೇ ಲೋಕ ದಾಟುವಷ್ಟರಲ್ಲಿ ಆಟ ನನಗೆ ಹಿಡಿಸಿಬಿಟ್ಟಿತ್ತು. ಹಿಮದ ಲೋಕದಲ್ಲಿ ಮರಿ ಜಾರಿದಾಗ ಸಂಗೀತವೂ ಅರೆಕ್ಷಣ ಜಾರುತ್ತದೆ. ಅವರು ಇದನ್ನು ನೂರು ಸಲ ಹೇಳಿದ್ದರು. ನಾನು ಆಗೆಲ್ಲ ಪಾತ್ರೆ ತೊಳೆಯುತ್ತಿದ್ದೆ. ಗಾಳಿಯಲ್ಲಿ ಒಂದೇ ಸಲ ಹಿಂದೆ ತಿರುಗಬಹುದು ಎಂದಾಗ, ಹಾರುವ ಮೊದಲೇ ಆ ಒಂದು ಸಲವನ್ನು ಎಲ್ಲಿ ಖರ್ಚು ಮಾಡಬೇಕೆಂದು ಯೋಚಿಸಬೇಕಾಗುತ್ತದೆ. ಮೂರನೆಯದರಲ್ಲಿ ಅದನ್ನು ಹಾಳು ಮಾಡಿದ್ದರೆ ಅದು ನಿಜಕ್ಕೂ ತಪ್ಪು. ಈ ಮಾತನ್ನು ಡೈರಿಯಲ್ಲಿ ಬರೆದು, ಸಿಟ್ಟಿನಿಂದ ಹೊಡೆದು ಹಾಕಿದೆ.

ಮೇ 1, ಗುರುವಾರ ಸಂಜೆ: 119. 64 ಗಂಟೆ 10 ನಿಮಿಷ.

ಮಾರನೇ ದಿನ ಬೆಳಿಗ್ಗೆ ಅವರು ಬಂದಿಳಿದರು. ಮಧ್ಯಾಹ್ನ ಊಟಕ್ಕೆ ನನ್ನನ್ನೂ ಕರೆದಿದ್ದರು. ಅವರ ಹೆಂಡತಿ ಊರಿನಿಂದ ತಂದ ಒಣಮೀನಿನ ಚಟ್ನಿಯನ್ನು ನನ್ನ ತಟ್ಟೆಯಿಂದ ದೂರ ಸರಿಸಿ, "ನೀವು ತಿನ್ನುವುದಿಲ್ಲ ಅಂತ ಹೇಳಿದ್ದಾರೆ, ನಿಮಗೆ ಬೇರೆ ಪಲ್ಯ ಉಂಟು" ಎಂದರು. ಮಗಳು ಎತ್ತರದ ಹುಡುಗಿ, ಕನ್ನಡಕ, ಕೈಯಲ್ಲಿ ಫೋನು. ಅಪ್ಪ ಏನು ಕೇಳಿದರೂ ಒಂದೇ ಪದದ ಉತ್ತರ. ಅವರು ಊಟದ ಉದ್ದಕ್ಕೂ ಆಡಿನ ಮರಿಯ ಮಾತೆತ್ತಲಿಲ್ಲ. ಇಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ, ಕ್ರೇನಿನ ಹಗ್ಗ ಹರಿದ ದಿನವೂ.

ಕೈ ತೊಳೆದು ಬಂದು ಮಷೀನು ಹಾಕಿದರು. ಮೂರು ಮನೆಗಳು ಮೂಡಿದವು. 119. ಅವರು ಕಂಟ್ರೋಲರನ್ನು ಅಂಗಿಯಂಚಿಗೆ ಒರೆಸಿ ಮಗಳ ಪಕ್ಕದಲ್ಲಿಟ್ಟರು, ಕೈಗೆ ಕೊಡಲಿಲ್ಲ.

"ಅಯ್ಯೋ, ಎಷ್ಟು ಹಳೇ ಗ್ರಾಫಿಕ್ಸ್ ಪಪ್ಪಾ," ಎಂದಳು. ಆದರೆ ಫೋನನ್ನು ಮಗುಚಿ ಇಟ್ಟಳು. ಕಂಟ್ರೋಲರ್ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ಕಾಲುಗಳೆರಡನ್ನೂ ಸೋಫಾದ ಮೇಲೆ ಎಳೆದುಕೊಂಡು ಕೂತಳು.

ಮರಿ ಬಾಗಿಲ ಬಳಿ ಹೋಯಿತು. ಮುದುಕ ಬಾಯಿ ತೆರೆದ. ಅವಳು ಬಟನ್ ಒತ್ತಲಿಲ್ಲ. ಅಪ್ಪನ ಮಗಳು, ಓದುತ್ತಾಳೆ. ನಾನೂ ಅವತ್ತು ಮೊದಲ ಸಲ ಓದಿದೆ. ಇಂಗ್ಲಿಷಿನಲ್ಲಿದ್ದದ್ದು ಹೆಚ್ಚು ಕಡಿಮೆ ಇಷ್ಟು: "ಇನ್ನೊಂದೇ ಉಳಿದಿದೆ, ಮರಿಯೇ. ಅವಸರವಿಲ್ಲ."

ಅವಳ ಹುಬ್ಬು ಗಂಟಿಕ್ಕಿತು. ಕೊಂಕಣಿಯಲ್ಲಿ ಅಪ್ಪನನ್ನು ಕೇಳಿದಳು. ಒಂದೂವರೆ ವರ್ಷದಲ್ಲಿ ಅಷ್ಟು ನನಗೆ ಅರ್ಥವಾಗುತ್ತಿತ್ತು.

"ಪಪ್ಪಾ, ಇಲ್ಲಿ ನನ್ನ ಹೆಸರು ಬರ್ತಿತ್ತು. ಶುರುವಿನಲ್ಲಿ ನಾನೇ ಬರೆದದ್ದು. ಮುದುಕ ನನ್ನನ್ನು ಹೆಸರು ಹಿಡಿದು ಕರೀತಿದ್ದ."

ಆ ಪಟ್ಟಿ. ಆರಂಭದಲ್ಲಿ ನಾನು ನೋಡದೆ ಒತ್ತಿದ ಪಟ್ಟಿ. ಹೆಸರಿನದು.

ಅಲ್ಲಿಯವರೆಗೂ ನಾನು ಅವರಿಂದ ಒಂದು ಗಂಟೆ ಕದ್ದೆ ಎಂದುಕೊಂಡಿದ್ದೆ. ಆ ಕ್ಷಣಕ್ಕೆ ಲೆಕ್ಕ ಸರಿಯಾಗಿ ತಿಳಿಯಿತು. ಆ ಮನೆಯನ್ನು ಇದ್ದ ಹಾಗೇ ಬಿಟ್ಟಿದ್ದರೆ ಅವಳ 119 ಅವಳದ್ದಾಗಿಯೇ ಇರುತ್ತಿತ್ತು, ಮೇಲೆ ನನ್ನದೊಂದು. ಒಂದನ್ನು ಮುಚ್ಚಲು ಹೋಗಿ ಒಂಬತ್ತು ವರ್ಷದ ಹುಡುಗಿ ಹುಡುಕಿ ತಂದ ನೂರಹತ್ತೊಂಬತ್ತನ್ನೂ ಅಳಿಸಿ, ಅದರ ಜಾಗದಲ್ಲಿ ನನ್ನವನ್ನು ಸಾಲಾಗಿ ಪೇರಿಸಿಟ್ಟಿದ್ದೆ. ಸಂಖ್ಯೆ ಸರಿಯಿತ್ತು. ಸರಕು ಬೇರೆಯಾಗಿತ್ತು.

ಅವರು ಪರದೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹೆಚ್ಚೆಂದರೆ ಎರಡು ಸೆಕೆಂಡು. ಆಟ ಬಲ್ಲವರಿಗೆ ಅಷ್ಟು ಸಾಕು.

"ಅದು ಹಾಗೇ ಪುತಾ," ಎಂದರು ಮಗಳಿಗೆ. "ಮೆಮೊರಿ ಕಾರ್ಡ್ ಹಳತಾದರೆ ಮೊದಲು ಹೋಗುವುದು ಹೆಸರು. ಗಂಟೆಗಳು ಹೋಗುವುದಿಲ್ಲ. ಎಲ್ಲ ಕಾರ್ಡಿನಲ್ಲೂ ಹಾಗೇ."

ಶುದ್ಧ ಸುಳ್ಳು. ಕುರಿ ಎಂದಿದ್ದಕ್ಕೆ ದಾರಿಯ ಪಕ್ಕ ಕಾರು ನಿಲ್ಲಿಸಿದ ಮನುಷ್ಯ, ಆ ಎರಡನೇ ಆಟದ ಬಗ್ಗೆ ಹೇಳಿದ ಸುಳ್ಳು. ನನ್ನ ಲೆಕ್ಕದಲ್ಲಿ ಅದೊಂದೇ.

"ಹೌದಾ," ಎಂದಳು ಅವಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಮರಿಯನ್ನು ಗೋಪುರದ ಒಳಗೆ ನಡೆಸಿದಳು. ಮೊದಲು ಎರಡನೇ ನೆಗೆತಕ್ಕೇ ಬಿದ್ದಳು. ನಾಲ್ಕನೇ ಸಲಕ್ಕೆ ಅವಳ ಬೆರಳುಗಳಿಗೆ ಹಳೆಯದೆಲ್ಲ ನೆನಪಾದಂತೆ ಕಂಡಿತು. "ಈಗ ತಿರುಗು," ಎಂದು ಅಪ್ಪ ಪಿಸುಗುಟ್ಟಿದರು. "ಗೊತ್ತುಂಟು, ನೀವು ಸುಮ್ಮನೆ ಕೂತುಕೊಳ್ಳಿ," ಎಂದಳು. ಒಂಬತ್ತನೇ ಸಲಕ್ಕೆ ಗಂಟೆ ಸಿಕ್ಕಿತು. ನನಗೆ 309 ಬೇಕಾಗಿತ್ತು.

ಎಲ್ಲ ಸಿಕ್ಕಿದ ಮೇಲೆ ಆಟದಲ್ಲಿ ದೊಡ್ಡದೇನೂ ಆಗುವುದಿಲ್ಲ. ಗಂಟೆಗಳು ಒಂದು ಸಲ ಬಾರಿಸುತ್ತವೆ, ಮರಿ ಮುದುಕನ ಪಕ್ಕ ಹೋಗಿ ಕೂರುತ್ತದೆ, ಅಷ್ಟೇ. ಅವರಿಬ್ಬರೂ ಅದನ್ನು ನೋಡುತ್ತಾ ಕೂತರು. ಅವಳು ಹಾಗೆಯೇ ಅಪ್ಪನ ಭುಜಕ್ಕೆ ಒರಗಿದ್ದಳು. "ಮೂರನೆಯದು ಹೇಗುಂಟು ಪಪ್ಪಾ?" ಎಂದು ಕೇಳಿದಳು. ಅವರು ನೆಟ್ಟಗೆ ಕೂತರು. ನಾನು ಎದ್ದು ಅಡುಗೆಮನೆಗೆ ಹೋದೆ.

ಮುಕ್ಕಾಲು ಗಂಟೆಯ ನಂತರ ಅವರೂ ಬಂದರು, ಚಾಕ್ಕೆ ನೀರಿಟ್ಟರು. ನನ್ನ ಕಡೆ ನೋಡದೆ ಕೇಳಿದರು:

"ಹಿಮದ ಲೋಕದ ಮೂರನೇ ಗೋಪುರದಲ್ಲಿ ಎಷ್ಟು ಸಲ ಬಿದ್ದೆ?"

"ಐವತ್ತಾರು."

"ಬರೆದಿಟ್ಟಿದ್ದೀಯಾ?"

"ಹೌದು."

"ನಾನು ನೂರರ ಮೇಲೆ." ಸಕ್ಕರೆ ಹಾಕಿದರು. "ಅವಳು ಏಳನೇ ಸಲಕ್ಕೆ ದಾಟಿದ್ದಳು. ಒಂಬತ್ತು ವರ್ಷಕ್ಕೆ."

"ಅಣ್ಣ, ನಾನು..."

"ಹನ್ನೊಂದು ದಿನದಲ್ಲಾ?"

"ಹೌದು."

"ಕೆಲಸಕ್ಕೆ ಹೋಗಿಕೊಂಡು." ಚಾ ಸೋಸಿದರು. ಬಹಳ ಹೊತ್ತು ಸೋಸಿದರು. "ಸಿಟ್ಟು ಉಂಟು ನನಗೆ. ಇಲ್ಲ ಅಂತ ಹೇಳುವುದಿಲ್ಲ. ಆದರೆ ಈಗ ಒಂದು ಹೇಳು, ಸುಳ್ಳು ಹೇಳಬೇಡ. ಎರಡು ಚಂದ ಉಂಟಾ ಇಲ್ಲವಾ?"

"ಚೆನ್ನಾಗಿದೆ ಅಣ್ಣ."

"ಹ್ಞಾಂ. ಬರೆದಿಡು," ಎಂದರು. ನನಗೊಂದು ಲೋಟ ಕೊಟ್ಟು, ಎರಡು ಲೋಟ ಹಿಡಿದು ಹೊರಗೆ ಹೋದರು.

ಮತ್ತೆ ಆ ಮಾತು ನಮ್ಮ ನಡುವೆ ಬರಲಿಲ್ಲ. ಮಗಳು ಮುಂದಿನ ವರ್ಷವೂ ರಜೆಯಲ್ಲಿ ಬಂದಳು, ಈ ಸಲ ಕಾರಣವೊಂದೂ ಇಲ್ಲದೆ. ಅವರು ಮಾತ್ರ ಸ್ವಲ್ಪವೂ ಬದಲಾಗಲಿಲ್ಲ. ನಾನು ಆಟವನ್ನು ಮೆಚ್ಚಿದ್ದು ಗೊತ್ತಾದ ಮೇಲೆ ಇನ್ನೂ ಹೆಚ್ಚಾಯಿತು. ಹಾಳು ಮಾಡಿದರು ಎನ್ನುವ ಪುಟ 2015ರಲ್ಲಿ 300 ದಾಟಿತು. ನಡುನಡುವೆ ನಾನು ಎದುರು ವಾದಿಸುತ್ತಿದ್ದೆ. ಅದು ನನ್ನದೇ ತಪ್ಪು.

ಮಂಡಿ ಪೂರ್ತಿ ಕೈಕೊಟ್ಟಿತು. ಯಾರ್ಡಿನಲ್ಲಿ ನಡೆಯುವುದು ಆಗದೆ ಈ ಜನವರಿಯಲ್ಲಿ ಎಕ್ಸಿಟ್ ಹಾಕಿಸಿಕೊಂಡರು. ಏರ್‌ಪೋರ್ಟಿಗೆ ನಾನೇ ಬಿಟ್ಟೆ. ದಾರಿಯಲ್ಲಿ ಐದನೇ ಲೋಕದ ಗಾಳಿಯಂತ್ರಗಳ ಬಗ್ಗೆ ಹೇಳುತ್ತಿದ್ದರು. ಒಳಗೆ ಹೋಗುವ ಮೊದಲು, "ಮಷೀನು ಅಲ್ಲೇ ಬಿಟ್ಟಿದ್ದೇನೆ. ಧೂಳು ಹೊಡಿ. ಎರಡನೇ ಮನೆ ಒಮ್ಮೆ ನೋಡು," ಎಂದರು. ನೋಡಲಿಲ್ಲ. ಸಾಕಾಗಿತ್ತು ನನಗೆ. ಮನೆಯಲ್ಲಿ ಕೊನೆಗೂ ಸದ್ದಿರಲಿಲ್ಲ.

ಇವತ್ತು ಹದಿನೆಂಟನೇ ದಿನ, ಶುಕ್ರವಾರ. ಮಧ್ಯಾಹ್ನ ಧೂಳು ಹೊಡೆದು ಮಷೀನು ಹಾಕಿದೆ. ಎರಡನೇ ಮನೆಯಲ್ಲಿ 119.

ಒಂದು ಕ್ಷಣ ಹಳೆಯ ಸಿಟ್ಟೇ ನೆತ್ತಿಗೇರಿತು. ಇಷ್ಟು ವರ್ಷ ಹೇಳಿಯೂ, ಹೋಗುವಾಗಲೂ, ಒಂದು ಕಡಿಮೆ. ಒಳಗೆ ಹೋದೆ. ಮರಿ ಕೊನೆಯ ಗೋಪುರದ ಬುಡದಲ್ಲಿ ನಿಂತಿತ್ತು, ಶಾಲಿನ ಬಣ್ಣ ನೀಲಿ, ಟ್ಯಾಲಿ ಕ್ಲರ್ಕುಗಳಿಗೆ ಕಂಪನಿ ಕೊಡುವ ಅಂಗಿಯ ನೀಲಿ. ಬಾಗಿಲ ಹತ್ತಿರ ನಡೆಸಿದೆ. ಮುದುಕ ಬಾಯಿ ತೆರೆದ. ಬಟನ್ ಮೇಲಿನ ಬೆರಳನ್ನು ತೆಗೆದು, ಓದಿದೆ.

"ಇನ್ನೊಂದೇ ಉಳಿದಿದೆ, ಶಾನುಭಾಗ. ಅವಸರವಿಲ್ಲ."

ಹದಿನಾಲ್ಕು ನೆಗೆತ. ಈಗ ನನಗೆ ಅರ್ಧ ಗಂಟೆಯ ಕೆಲಸ. ಮರಿಯನ್ನು ಅಲ್ಲೇ ಬಿಟ್ಟು, ಮಷೀನು ಆರಿಸಿ, ಡೈರಿ ತೆಗೆದೆ. ದಿನಾಂಕ ಹಾಕಿದೆ. ಇರಬೇಕಾದದ್ದು 120, ಇರುವುದು 119 ಎಂದು ಬರೆದು, ಕೆಳಗೆ ಸಹಿ ಮಾಡಿದೆ.